ಹೊಸ್ತಿಲಿಗಿಟ್ಟ ಗಂಡು ಹೂವು

ನಮ್ಮ ಮನೆಯ ಕುಂಬಳದ ಬೀಜ ಹುಟ್ಟಿತು. ನಮ್ಮ ಹಿತ್ತಲಲ್ಲೇ ಬೆಳೆದ ಕಾಯಿಯ ಬೀಜ, ಮೊಮ್ಮಗಳು ತೆಂಗಿನ ಪಾತಿಯ ಅಂಚಿಗೆ ಊರಿದ್ದು, ಒಂದೂ ಹುಸಿ ಹೋಗದೆ ತಲೆ ಎತ್ತಿದೆ. ಬೆಳಗ್ಗೆಯಿಂದ ಎಷ್ಟು ಸಲ ಹೋಗಿ ನೋಡಿ ಬಂದೆನೋ. ಸೊಸೆ ನಗುತ್ತಾಳೆ. ನಗಲಿ.

ಆ ಖುಷಿಗೆ ಅಟ್ಟದ ಮೇಲೆ ಉಳಿದಿದ್ದ ಕೊನೆಯ ಕಾಯಿ ಇಳಿಸಿ ಹೋಳು ಮಾಡಿದೆ. ಅದರ ಹಸಿ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ಅಕ್ಕ ಕಣ್ಣ ಮುಂದೆ ಬಂದು ನಿಂತಳು... ಅವಳು ತೀರಿ ಹೋಗಿ ಕೆಲವು ವರ್ಷಗಳಾದವು. ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ.

ನಾನು ಹಂದನಕೆರೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಮನೆಗೆ ತೋಟವಿತ್ತು, ಕರೆಯುವ ಹಸುವಿತ್ತು. ಇರದಿದ್ದದ್ದು ಕುಂಬಳದ ಬೀಜ ಒಂದೇ. ಬಳ್ಳಿ ಹಬ್ಬುತ್ತಿತ್ತು, ಹೂ ಬಿಡುತ್ತಿತ್ತು, ಪಿಂದೆ ಹಳದಿಯಾಗಿ ಉದುರುತ್ತಿತ್ತು. ಅಪ್ಪಿತಪ್ಪಿ ಒಂದು ಕಾಯಿ ನಿಂತರೆ ಸೊಟ್ಟ. ಒಳಗಿನ ಬೀಜ ಜೊಳ್ಳು, ಊರಿದರೆ ಮಣ್ಣಲ್ಲೇ ಕೊಳೆಯುತ್ತಿತ್ತು. ಬೇಲಿಯಾಚೆ ಅವಳ ಕಾಯಿಗಳೋ, ಹಾಲು ಕುಡಿದ ಕರುಗಳ ಹಾಗೆ ಮಲಗಿರುತ್ತಿದ್ದವು. ಪ್ರತಿ ವರ್ಷ ಬಿತ್ತನೆಗೆ ನಾನು ಅವಳ ಬಾಗಿಲಲ್ಲಿ ಸೆರಗು ಒಡ್ಡಬೇಕು. ಅವಳು ಬೀಜ ಸುರಿಯುತ್ತಿದ್ದಳು, ಒಂದು ಮಾತೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದೇ ನನಗೆ ಉರಿ. ಮನೆಗೆ ಬಂದರೆ ಅತ್ತೆ ಕಾದಿರುತ್ತಿದ್ದರು: “ಕೈಗುಣ ಅಂದ್ರೆ ಅವಳ್ದು ಕಣೇ. ನಿನ್ ಕೈಯೂ ಐತೆ, ಮುದ್ದೆ ತಿರುವಕ್ಕೆ.”

ಅವಳನ್ನು ಮೀರಿಸಲು ನನಗಿದ್ದದ್ದು ಹೊಸ್ತಿಲು ಒಂದೇ. ಧನುರ್ಮಾಸದಲ್ಲಿ ಬಾಗಿಲ ಮುಂದೆ ರಂಗೋಲಿ ಬಿಟ್ಟು, ಸಗಣಿ ಉಂಡೆ ಇಟ್ಟು, ಅದರ ನೆತ್ತಿಗೆ ಹೂ ಸಿಕ್ಕಿಸುವುದು ನಮ್ಮ ಕಡೆಯ ಪದ್ಧತಿ. ಪಿಂದೆ ಹೊತ್ತ ಹೆಣ್ಣು ಹೂವನ್ನು ನಾನು ಮುಟ್ಟುತ್ತಿರಲಿಲ್ಲ, ನಾನೇನು ದಡ್ಡಿಯೇ? ಉದ್ದ ತೊಟ್ಟಿನ ಗಂಡು ಹೂವನ್ನು ಮಾತ್ರ, ಬೆಳಕು ಹರಿಯುವ ಮೊದಲೇ, ಒಂದೂ ಬಿಡದೆ ಕಿತ್ತು ತರುತ್ತಿದ್ದೆ. ನಮ್ಮ ಬಾಗಿಲು ಹೊನ್ನಿನ ಹಾಗೆ ಹೊಳೆಯುತ್ತಿತ್ತು. ಅವಳ ಬಾಗಿಲಲ್ಲಿ ಪುಟ್ಟ ಹುಚ್ಚೆಳ್ಳು ಹೂ.

ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದವಳು ನಮ್ಮ ಬಾಗಿಲಲ್ಲಿ ನಿಂತಳು. “ಅಲ್ಲ ಕಣವ್ವಾ, ಗಂಡುಗಳ್ನೆಲ್ಲ ತಂದು ಬಾಗ್ಲು ಕಾಯಕ್ಕೆ ಕೂರ್ಸಿದೀಯ. ಪಾಪ, ಹಿತ್ಲಲ್ಲಿ ಹೆಣ್ ಹೂವು ಯಾರ್ ಜೊತೆ ಸಂಸಾರ ಮಾಡ್ಬೇಕು?”

ಜೊತೆಗಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

“ನಿನ್ ಬಾಗ್ಲಲ್ಲಿ ಇಲ್ಲ ಅಂತ ಹೊಟ್ಟೆ ಉರಿ, ಬುಡಕ್ಕಾ,” ಅಂದೆ.

“ಹಂಗೇ ಅನ್ಕೋ,” ಎಂದು ಹೋದಳು. ಮಾರನೆಯ ದಿನದಿಂದ ಇನ್ನೂ ಹೆಚ್ಚು ಹೂ ಇಟ್ಟೆ...

ಅವಳು ಕೊನೆಯ ಸಲ ಕೊಟ್ಟ ಬೀಜದಲ್ಲಿ ಒಂದು ಹಿಡಿಯನ್ನು ಬೂದಿಯಲ್ಲಿ ಬೆರೆಸಿ ಇಟ್ಟಿದ್ದೆ. ಕಳೆದ ಸಲ ಹಬ್ಬಿದ್ದು ಅದರ ಬಳ್ಳಿಯೇ. ಧನುರ್ಮಾಸದಲ್ಲಿ ಹೂ ಕೀಳಲು ಹೋದರೆ ಮೊಮ್ಮಗಳು ಅಡ್ಡ ನಿಂತಳು. “ಅಜ್ಜಿ, ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಬೀಳ್ದಿದ್ರೆ ಬೀಜ ಗಟ್ಟಿಯಾಗಲ್ಲ. ನಮ್ ಪಾಠದಲ್ಲೈತೆ.”

ಅಕ್ಕ ಹೇಳಿದ್ದ ಮಾತೇ, ಗೇಲಿ ಒಂದು ಇರಲಿಲ್ಲ ಅಷ್ಟೆ. ಅವಳಿಗೆ ಬಗ್ಗದವಳು ಮೊಮ್ಮಗಳಿಗೆ ಬಗ್ಗಿದೆ. ಹೂವನ್ನೆಲ್ಲ ಬಳ್ಳಿಯಲ್ಲೇ ಬಿಟ್ಟೆವು. ಜೇನು ಬಂದವು. ಜೇನು ಕಾಣದ ಮಂಜಿನ ಬೆಳಗ್ಗೆ ಮೊಮ್ಮಗಳೇ ಒಂದು ಗಂಡು ಹೂವಿನ ಎಸಳು ಸುಲಿದು, ಹೆಣ್ಣು ಹೂವಿನ ಒಳಗೆ ಮೆತ್ತಗೆ ಸವರುತ್ತಿದ್ದಳು. ನಮ್ಮ ಹೊಸ್ತಿಲಿಗೂ ಹುಚ್ಚೆಳ್ಳು ಹೂ ಬಂತು.

ಈಗ ನನ್ನ ಮೊರದ ತುಂಬ ಬೀಜ, ಉಗುರಿಗೆ ಬಗ್ಗದಷ್ಟು ಗಟ್ಟಿ. ಇನ್ನು ಯಾರ ಬಾಗಿಲಲ್ಲೂ ಸೆರಗು ಒಡ್ಡಬೇಕಿಲ್ಲ. ಅವಳಿದ್ದಿದ್ದರೆ ಮೊರವನ್ನು ಬೇಲಿಯ ಮೇಲೆ ಎತ್ತಿ ಹಿಡಿದು ಅವಳ ಮುಖ ನೋಡುತ್ತಿದ್ದೆ... ನೋಡಬೇಕಾದ ಮುಖವೇ ಇಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಒಟ್ಟಿಗೆ ಕೂತೆವು. ಮುದ್ದೆ, ಕುಂಬಳಕಾಯಿ ಹುಳಿ. ನಮ್ಮ ಯಜಮಾನರು ಮೊದಲ ತುತ್ತಿಗೇ, “ಥೇಟ್ ಆಚೆಮನೆಯಮ್ಮನ ಕಾಯಿ ರುಚಿ ಕಣೇ,” ಅಂದರು.

ಸೌಟು ಅವರ ತಟ್ಟೆಯ ಮೇಲೆಯೇ ನಿಂತಿತು. “ಇದು ನನ್ ಬಳ್ಳಿದು,” ಅಂದೆ.

“ಬೀಜ ಆ ಅಜ್ಜಿದು, ಬಳ್ಳಿ ನಿಂದು, ಕಾಯಿ ನಂದು,” ಅಂದಳು ಮೊಮ್ಮಗಳು.

ಎಲ್ಲರೂ ನಕ್ಕರು. ನನಗೆ ಹೊಟ್ಟೆ ಉರಿಯಿತು. ಆ ಉರಿಯುವ ಹೊಟ್ಟೆಗೇ ಇನ್ನೊಂದು ಮುದ್ದೆ ಇಕ್ಕಿಕೊಂಡೆ.