ದೊಡ್ಡಮ್ಮ ಕಚ್ಚಿಕೊಂಡ ಗುಂಡುಸೂಜಿಗಳು

ನಮ್ಮ ದೊಡ್ಡಮ್ಮ ಮದುವೆಯ ಬಿಳಿ ಗೌನು ಹೊಲಿಯುತ್ತಿದ್ದಳು. ಅವಳು ಹೊಲಿದ ಗೌನು ತೊಟ್ಟು ಚರ್ಚಿನ ನಡುದಾರಿಯಲ್ಲಿ ನಡೆದವಳು ಎಂಥ ಸೊಟ್ಟಿಯಾದರೂ ನೆಟ್ಟಗೆ ಕಾಣುತ್ತಿದ್ದಳು. ಆದರೆ ಅದಕ್ಕೆ ಮೊದಲು ಮೂರು ಸಲ ಅಳತೆಗೆ ಬರಬೇಕಿತ್ತು, ಮೂರು ಸಲವೂ ಅತ್ತುಕೊಂಡು ಹೋಗಬೇಕಿತ್ತು. ಕತ್ತರಿಗಿಂತ ಅವಳ ನಾಲಗೆ ಹರಿತ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಬರುತ್ತಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಆಳೆತ್ತರದ ಕನ್ನಡಿ, ಅದರ ಮುಂದೆ ಗಿರಾಕಿ ಹತ್ತಿ ನಿಲ್ಲಲು ಗೇಣೆತ್ತರದ ಮಣೆ. ಒಂದು ಯಂತ್ರ ಅವಳದು, ಇನ್ನೊಂದು ಅವಳ ತಂಗಿಯ ಮಗಳಾದ ನನ್ನದು. ನನ್ನನ್ನು ಅವಳು ‘ವಕ್ರ ಹೊಲಿಗೆ’ ಎಂದೇ ಕರೆಯುತ್ತಿದ್ದಳು. ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಕಾಜ, ಗುಂಡಿ, ಅಂಚು ನೋಡಿಕೊಳ್ಳುತ್ತಿದ್ದವಳು ಅವಳ ಒಬ್ಬಳೇ ಮಗಳು, ನನಗೆ ಅಕ್ಕ. ದಪ್ಪ ಮೈ, ವಯಸ್ಸು ಮೂವತ್ತು ದಾಟಿತ್ತು. ಮಗಳಿಗೆ ದೊಡ್ಡಮ್ಮ ಇಟ್ಟ ಹೆಸರು ‘ಥಾನು’, ಸುತ್ತಿದಷ್ಟೂ ಮುಗಿಯದ ಬಟ್ಟೆಯ ಸುರುಳಿ ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಗಾದೆ ಮಾಡಿದವರು ನಮ್ಮ ಅಂಗಡಿಗೆ ಬಂದಿರಲಿಲ್ಲ.

ಆ ಬಾಯಿಗೆ ಬಿಡುವು ಒಂದೇ ಹೊತ್ತು. ಅಂಚು ಮಡಿಸುವಾಗ ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಒಂದೊಂದೇ ತೆಗೆದು ಬಟ್ಟೆಗೆ ಚುಚ್ಚುತ್ತಿದ್ದಳು. ಆಗ ಮಾತಾಡುವಂತಿಲ್ಲ. ಆ ಹತ್ತು ನಿಮಿಷ ನಾವು ಉಸಿರು ಬಿಡುತ್ತಿದ್ದೆವು.

ಒಂದು ದಿನ ಪಾದ್ರಿಗಳ ಹೆಂಡತಿ ಉಡುಪು ಹೊಲಿಸಲು ಬಂದರು. ಕೊರಳಿಗೆ ಟೇಪು ಸುತ್ತಿ ದೊಡ್ಡಮ್ಮ, "ಗಲ್ಲ ಎಲ್ಲಿ ಮುಗೀತು, ಕತ್ತು ಎಲ್ಲಿ ಶುರುವಾಯ್ತು ಅಂತ ನೀವೇ ಹೇಳ್ಬಿಡಿ ಅಮ್ಮಾವ್ರೇ, ನನ್ನ ಟೇಪಿಗೆ ತಿಳೀತಿಲ್ಲ" ಅಂದಳು. ಮುಂದಿನ ಭಾನುವಾರ ಪಾದ್ರಿಗಳು ನಾಲಗೆಯ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಹೆಸರು ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನೆಟ್ಟಗೆ ಕೂತಿದ್ದಳು. ಮಿಕ್ಕವರೆಲ್ಲ ತಿರುಗಿ ಅವಳ ಹೆಗಲನ್ನೇ ನೋಡಿದರು.

ಆರಾಧನೆ ಮುಗಿದ ಮೇಲೆ ಪಾದ್ರಿಗಳು ಬಾಗಿಲಲ್ಲಿ ಅವಳನ್ನು ನಿಲ್ಲಿಸಿಕೊಂಡರು. "ಕ್ರಿಸ್ತನ ಹೆಸರು ಹೇಳೋ ಬಾಯಿ ಇದು. ಮನುಷ್ಯರನ್ನ ಕೆಡವೋ ಮಾತು ಬಂದ್ರೆ ನುಂಗ್ಬಿಡಿ. ಎತ್ತಿ ನಿಲ್ಲಿಸೋ ಮಾತಿದ್ರೆ ತಪ್ಪದೆ ಆಡಿ" ಎಂದರು. ದೊಡ್ಡಮ್ಮ ಮೊದಲರ್ಧವನ್ನು ಮನೆಗೆ ತಂದಳು. ಉಳಿದರ್ಧ ಚರ್ಚಿನ ಬಾಗಿಲಲ್ಲೇ ಉಳಿಯಿತು.

ಅವಳು ಕಪಟಿಯಲ್ಲ. ಅವತ್ತು ಊಟ ಬಿಟ್ಟು ಮಂಡಿಯೂರಿ ಪ್ರಾರ್ಥಿಸಿದ್ದನ್ನು ನಾನೇ ಕಂಡೆ. ಸೋಮವಾರದಿಂದ ಹೊಸ ಪದ್ಧತಿ ಶುರುವಾಯಿತು: ಒಂದು ಕೆಟ್ಟ ಮಾತು ಬಾಯಿಗೆ ಬಂದರೆ ಒಂದು ಗುಂಡುಸೂಜಿ ಕಚ್ಚುವುದು. ಉಬ್ಬುಹಲ್ಲಿನ ಮದುಮಗಳಿಗೆ ಎರಡು, ಅವಳ ಅತ್ತೆಯಾಗುವವಳಿಗೆ ನಾಲ್ಕು. ಗಿರಾಕಿಗಳು ಅಳುವುದು ನಿಂತಿತು. ನಾನೂ ಅಕ್ಕನೂ ಸೂಜಿ ಎಣಿಸಿ ಒಳಗೊಳಗೇ ನಗುತ್ತಿದ್ದೆವು. ಹಾಗೆಂದು ಒಳ್ಳೆಯ ಮಾತೇನೂ ಬರಲಿಲ್ಲ. ಅದು ಆ ಅಂಗಡಿಯಲ್ಲಿ ಎಂದೂ ಇಟ್ಟ ಸರಕಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ದೊಡ್ಡಮ್ಮ ಬೀಗಿದಳು.

ಆ ವರ್ಷವೇ ಅಕ್ಕನಿಗೆ ಮದುವೆ ಗೊತ್ತಾಯಿತು. ಹುಡುಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಸಾಧು. ಅಕ್ಕ ತನ್ನ ಗೌನನ್ನು ತಾನೇ ಹೊಲಿಯಲು ಕೂತಳು. ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋದ ಮೇಲೆ, ನನ್ನ ಯಂತ್ರದಲ್ಲಿ, ಕದ್ದು. ಹನ್ನೊಂದು ಭಾನುವಾರ ಹಿಡಿಯಿತು. ಹದಿನಾಲ್ಕು ವರ್ಷ ನೆಲದ ಮೇಲೆ ಕೂತು ಕಾಜ ಮಾಡಿದವಳಿಗೆ ಇದ್ದದ್ದು ಒಂದೇ ಆಸೆ, ಅದನ್ನು ನನಗೆ ಬಾಯಿಬಿಟ್ಟು ಹೇಳಿದಳು: "ಅಮ್ಮ ಒಂದ್ಸಲ ಚೆನ್ನಾಗಿದೆ ಅಂದ್ರೆ ಸಾಕು ಕಣೇ. ಆಮೇಲೆ ಮದುವೆ ಆದ್ರೂ ಸರಿ, ಬಿಟ್ರೂ ಸರಿ."

ಗೌನು ಚೆನ್ನಾಗಿಯೇ ಇತ್ತು. ಎಡ ಬಗಲು ಒಂದಿಷ್ಟು ಎಳೆಯುತ್ತಿತ್ತು, ಅಷ್ಟೇ. ಅಕ್ಕ ಅದನ್ನು ತೊಟ್ಟು ಮಣೆ ಹತ್ತಿ ಅಮ್ಮನನ್ನು ಕರೆದಳು. ದೊಡ್ಡಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಗಲ ಹತ್ತಿರ ನಿಂತಳು. ಸೂಜಿಯ ಡಬ್ಬಿ ತೆರೆದು ಒಂದೊಂದಾಗಿ ತುಟಿಗೆ ಇಟ್ಟುಕೊಂಡಳು. ನಾನು ಎಣಿಸಿದೆ. ಅಕ್ಕನೂ ಕನ್ನಡಿಯಲ್ಲಿ ಎಣಿಸುತ್ತಿದ್ದಳು.

"ಹೇಗಿದೆ ಅಮ್ಮ?" ಎಂದಳು.

ಇನ್ನೆರಡು ಸಲ ಕೇಳಿದಳು. ದೊಡ್ಡಮ್ಮ ಬಗಲನ್ನು ಚಿವುಟಿ ನೋಡಿದಳು, ತಲೆ ಒಂದಿಷ್ಟು ಆಡಿಸಿದಳು, ಸೂಜಿಗಳನ್ನು ಕಚ್ಚಿಕೊಂಡೇ ಒಳಗೆ ಹೋದಳು.

"ಏಳು ಸೂಜಿ" ಎಂದಳು ಅಕ್ಕ, ನನ್ನ ಕಡೆ ತಿರುಗದೆ. ಗೌನು ಕಳಚಿ, ಬ್ಲೇಡು ತಗೊಂಡು ನೆಲದ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ತೋಳು ಬೇರೆ, ಎದೆ ಬೇರೆ, ಲೈನಿಂಗು ಬೇರೆ ಮಾಡಿ, ಇಸ್ತ್ರಿ ಹಾಕಿ ಮಡಿಸಿಟ್ಟಳು. ಮದುವೆಗೆ ಯಾರೋ ಹೊಲಿಸಿ ಒಯ್ಯದೆ ಬಿಟ್ಟ ಗೌನನ್ನು ಹಿಗ್ಗಿಸಿ ತೊಟ್ಟಳು.

ಗೌನು ಬಿಚ್ಚಿದ ದಿನವೇ ಸಂಜೆ ದೊಡ್ಡಮ್ಮ ನನ್ನ ಮುಂದೆ ಹೆಮ್ಮೆಯಿಂದ ಹೇಳಿಕೊಂಡಳು: "ನೋಡಿದ್ಯಾ, ಬಾಯಿಗೆ ಬಂದದ್ದನ್ನೆಲ್ಲ ತಡ್ಕೊಂಡೆ. ಅವಳ ಕೈ ನನ್ನ ಕೈಗಿಂತ ಹಸನು ಕಣೇ. ಬಗಲೊಂದು ಕಲೀಬೇಕು." ಹೋಗಿ ಅವಳಿಗೆ ಹೇಳು ಎಂದೆ. ಹೇಳಿದರೆ ತಲೆ ತಿರುಗುತ್ತೆ ಎಂದಳು. ನಾನೇ ಹೋಗಿ ಅಕ್ಕನಿಗೆ ಹೇಳಿದೆ. ನಿನ್ನ ಬಾಯಲ್ಲಿ ಕೇಳಿ ನಾನೇನು ಮಾಡಲಿ ಎಂದು ಅಕ್ಕ ಬ್ಲೇಡು ಒರೆಸಿಟ್ಟಳು.

ಮದುವೆಯ ನಂತರ ಅಕ್ಕ ಬೇರೆ ಅಂಗಡಿ ಹಾಕಿದಳು. ಅಲ್ಲಿಗೆ ಹೋದ ಹುಡುಗಿಯರು ನಗುತ್ತ ಹೊರಗೆ ಬರುತ್ತಿದ್ದರು. ಎಂಥ ಮೈಯಲ್ಲೂ ಒಂದು ಚೆಂದ ಹುಡುಕಿ ಹೇಳುತ್ತಾಳೆ, ತಪ್ಪನ್ನೂ ಮನಸ್ಸು ನೋಯದಂತೆ ತಿದ್ದುತ್ತಾಳೆ ಎಂದು ಊರೇ ಹೊಗಳಿತು. ಪಾದ್ರಿಗಳು ಅವಳನ್ನು ಉದಾಹರಣೆ ಕೊಟ್ಟರು. ದೊಡ್ಡಮ್ಮನ ಅಂಗಡಿ ಮುಚ್ಚಿತು, ಆಮೇಲೆ ಕಣ್ಣೂ ಹೋಯಿತು. ಅಕ್ಕ ವಾರಕ್ಕೊಮ್ಮೆ ಬಂದು ಹಾಸಿಗೆ ಬದಲಿಸಿ, ಔಷಧಿ ಕೊಟ್ಟು, ಬೇಕಾದಷ್ಟೇ ಮಾತಾಡಿ ಹೋಗುತ್ತಿದ್ದಳು.

ಕೊನೆಯ ವರ್ಷ ದೊಡ್ಡಮ್ಮ ತನ್ನ ಶವಪೆಟ್ಟಿಗೆಗೆ ಬೇಕಾದ ಬಿಳಿ ಉಡುಪನ್ನು ಕೈಯಲ್ಲೇ ಹೊಲಿದಳು. ಕಣ್ಣಿಲ್ಲ, ಬೆರಳೇ ಕಣ್ಣು. ದಾರ ಪೋಣಿಸಿ ಕೊಡುತ್ತಿದ್ದವಳು ನಾನು. ಮುಗಿದ ದಿನ ಮಗಳು ಬರುವವರೆಗೆ ಕಾದು, ಅದನ್ನು ಎದೆಗೆ ಹಿಡಿದು ಮಂಚದ ಮೇಲೆ ನೆಟ್ಟಗೆ ಕೂತಳು. ಒಂದು ತೋಳು ಇನ್ನೊಂದಕ್ಕಿಂತ ಮೂರು ಬೆರಳು ಉದ್ದವಾಗಿತ್ತು.

"ಹೇಗಿದೆ ಮಗಳೇ?" ಎಂದಳು. ಆ ಬಾಯಲ್ಲಿ ‘ಮಗಳೇ’ ಎಂಬುದನ್ನು ನಾನು ಮೊದಲ ಸಲ ಕೇಳಿದೆ.

ಅಕ್ಕ ಮೇಜಿನ ಮೇಲಿದ್ದ ಹಳೆಯ ಡಬ್ಬಿ ತೆರೆದಳು. ಸೂಜಿ ಹಲ್ಲಿಗೆ ತಾಗಿದ ಸದ್ದು ಕುರುಡಿಗೆ ಚೆನ್ನಾಗಿಯೇ ಕೇಳಿಸಿತು. ಒಂದು, ಎರಡು ಎಂದು ಅವಳ ಬೆರಳುಗಳು ಬಟ್ಟೆಯ ಮೇಲೆ ಎಣಿಸುತ್ತಿದ್ದವು.

"ಅವತ್ತು ಒಳ್ಳೇದಕ್ಕೇ ಸೂಜಿ ಕಚ್ಕೊಂಡಿದ್ದೆ ಕಣಮ್ಮ" ಎಂದಳು ದೊಡ್ಡಮ್ಮ.

ಅಕ್ಕ ಸೂಜಿಗಳನ್ನು ಅಂಗೈಗೆ ತೆಗೆದಳು. "ನಾನೂ ಒಳ್ಳೇದಕ್ಕೇ ಅಮ್ಮ" ಎಂದು ಮತ್ತೆ ಬಾಯಿಗಿಟ್ಟುಕೊಂಡಳು.

ದೊಡ್ಡಮ್ಮನ ಮುಖ ನನ್ನ ಕಡೆ ತಿರುಗಿತು. ಚೆನ್ನಾಗಿದೆ ದೊಡ್ಡಮ್ಮ ಎಂದು ನಾನಾದರೂ ಅನ್ನಬಹುದಿತ್ತು. ದಾರದ ಉಂಡೆ ಸುತ್ತುತ್ತ ಕೂತೆ.