ಬೋಗಾದಿಯ ತಾರಸಿಗೆ ಸಿದ್ಧಾರ್ಥನಗರದ ಮಳೆ

ಆ ಬೇಸಿಗೆಯಲ್ಲಿ ಅಪ್ಪನ ಫೋನು ದಿನಾ ಬೆಳಿಗ್ಗೆ ಒಂದೇ ಮಾತು ಹೇಳುತ್ತಿತ್ತು: ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆ ಗುಡುಗುಸಹಿತ ಮಳೆಯಾಗುವ ಸಾಧ್ಯತೆ. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಅದನ್ನು ಸುಪ್ರಭಾತದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಸಂಜೆ ಮಳೆ ಬಂದರೆ "ನೋಡಿದ್ಯಾ!" ಎನ್ನುತ್ತಿದ್ದರು. ಬರದಿದ್ದರೆ, "ಸಾಧ್ಯತೆ ಅಂದಿದ್ದು ಕಣಮ್ಮ, ಗ್ಯಾರಂಟಿ ಅಂದಿಲ್ಲ" ಎನ್ನುತ್ತಿದ್ದರು.

ಕಾಲೇಜಿನಲ್ಲಿ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಕಿರುಚಿದ್ದೇ ಹೆಚ್ಚು ಎಂಬಂಥ ನನಗೆ ಇದನ್ನು ಸಹಿಸುವುದು ಕಷ್ಟವಾಗಿತ್ತು. ಬಂದರೂ ಗೆಲ್ಲುವ, ಬರದಿದ್ದರೂ ಗೆಲ್ಲುವ ಹೇಳಿಕೆಗೆ ನಮ್ಮ ವೇದಿಕೆಯಲ್ಲಾದರೆ ಸೊನ್ನೆ ಅಂಕ. ಇದೇ ಮಾತನ್ನು ಜ್ಯೋತಿಷಿಯೊಬ್ಬ ಹೇಳಿದ್ದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದಲ್ಲೊಂದು ಪುಟ್ಟ ಮೋಡದ ಚಿತ್ರ ಇದ್ದುದರಿಂದ ನಂಬುತ್ತಿದ್ದರು, ಅಷ್ಟೆ.

ಬೇರೆ ಬೇಸಿಗೆಯಾಗಿದ್ದರೆ ಈ ಜಗಳ ಕಾಫಿ ಜೊತೆಗೇ ಮುಗಿದುಹೋಗುತ್ತಿತ್ತು. ಆದರೆ ಆ ವರ್ಷ ಬೋಗಾದಿಯ ಆಚೆ, ಹೊಸ ಬಡಾವಣೆಯೊಂದರಲ್ಲಿ, ನಮ್ಮದೇ ಮನೆಯ ಗೋಡೆಗಳು ಎದ್ದು ನಿಂತಿದ್ದವು. ಮೇಲೆ ತಾರಸಿ ಇರಲಿಲ್ಲ. ತಾರಸಿಗೆ ಕಾಂಕ್ರೀಟು ಹಾಕುವುದನ್ನು ನಮ್ಮೂರಿನಲ್ಲಿ ಮೋಲ್ಡಿಂಗ್ ಎನ್ನುತ್ತಾರೆ. ಅದು ಒಂದೇ ದಿನದಲ್ಲಿ ಆಗಬೇಕು. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಸಿಮೆಂಟು ತೊಳೆದುಹೋಗಿ ಜಲ್ಲಿ ಹಲ್ಲು ಕಿರಿಯುತ್ತದೆ. ಆಮೇಲೆ ಪ್ರತಿ ಮಳೆಗಾಲದಲ್ಲೂ ಮನೆಯೊಳಗೆ ಬಕೆಟ್ ಇಟ್ಟುಕೊಂಡು ಕೂರಬೇಕು.

ಮುಂದಕ್ಕೆ ಹಾಕೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಸಿದ್ಧಾರ್ಥನಗರದಲ್ಲಿ ನಾವಿದ್ದ ಬಾಡಿಗೆ ಮನೆ ಅದರ ಓನರ್‌ಗೆ ಮಗಳ ಸಂಸಾರಕ್ಕಾಗಿ ಬೇಕಾಗಿತ್ತು. ಆಷಾಢ ಹುಟ್ಟಿದರೆ ಗೃಹಪ್ರವೇಶ ಮಾಡುವ ಹಾಗಿಲ್ಲ. ಮೋಲ್ಡಿಂಗ್ ಆದ ಮೇಲೆ ಕೆಳಗೆ ಆತುಕೊಂಡಿರುವ ಸೆಂಟ್ರಿಂಗ್ ಹಲಗೆಗಳನ್ನು ವಾರಗಟ್ಟಲೆ ಬಿಚ್ಚುವ ಹಾಗಿಲ್ಲ. ಆಷಾಢದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಉಳಿಯುತ್ತಿದ್ದುದು ಒಂದೇ ಒಂದು ಭಾನುವಾರ. ಅದು ಕೈತಪ್ಪಿದರೆ ಮತ್ತೊಂದು ಬಾಡಿಗೆ ಮನೆ, ಮತ್ತೊಬ್ಬ ಓನರ್.

"ಆಷಾಢದಲ್ಲೇ ಹೋದ್ರೆ ಏನಾಗುತ್ತೆ?" ಎಂದು ನಾನು ಅಮ್ಮನನ್ನು ಕೇಳಿದೆ.

"ನಿಮ್ ದೊಡ್ಡಮ್ಮ ಬರಲ್ಲ."

"ಹಂಗಾದ್ರೆ ಆಷಾಢದಲ್ಲೇ ಹೋಗೋಣ."

ಅಮ್ಮ ಸೌಟು ಎತ್ತಿದರು. ವಿಷಯ ಅಲ್ಲಿಗೆ ನಿಂತಿತು.

ಆ ಮನೆಯಿಂದ ಅಮ್ಮನಿಗೆ ಬೇಕಾಗಿದ್ದುದು ದೊಡ್ಡದೇನೂ ಅಲ್ಲ, ಮೊಳೆ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದ ಅವರಿಗೆ, ಗೋಡೆಗೆ ಮೊಳೆ ಹೊಡೀಬೇಡಿ ಎನ್ನದ ಓನರ್ ಒಬ್ಬರೂ ಸಿಕ್ಕಿರಲಿಲ್ಲ. ಹಾಗಾಗಿ ನಮ್ಮ ಮನೆಯ ಕ್ಯಾಲೆಂಡರು ಫ್ರಿಜ್ಜಿಗೆ ಒರಗಿಕೊಂಡು ಕೂತಿತ್ತು, ಗಡಿಯಾರ ಟೀವಿ ಪಕ್ಕದಲ್ಲಿ ಅಂಗಾತ ಮಲಗಿತ್ತು, ಸತ್ತುಹೋದ ತಾತ ಬೀರುವಿನ ಮೇಲಿನಿಂದ ನೆಟ್ಟಗೆ ಫ್ಯಾನನ್ನೇ ನೋಡುತ್ತಿದ್ದರು. "ಮೋಲ್ಡಿಂಗ್ ಒಂದಾಗ್ಬುಡ್ಲಿ, ಯಾರ್ ಬಂದು ಏನ್ ಹೇಳ್ತಾರೋ ನೋಡ್ತೀನಿ" ಎನ್ನುತ್ತಿದ್ದರು ಅಮ್ಮ, ಯಾರದೋ ತಲೆಗೆ ಹೊಡೆಯುವವರ ಹಾಗೆ.

ಆ ಭಾನುವಾರ ಮಳೆ ಬರುತ್ತದೋ ಇಲ್ಲವೋ ಎಂಬುದೇ ಮನೆಯ ಪ್ರಶ್ನೆಯಾಯಿತು. ಅಪ್ಪನ ಕಡೆ ಫೋನಿತ್ತು. ಅಮ್ಮನ ಕಡೆ ಫ್ರಿಜ್ಜಿಗೆ ಒರಗಿದ ಕ್ಯಾಲೆಂಡರಿತ್ತು. ಅಮ್ಮನ ತವರಿನ ಹೊಲಗಳಲ್ಲಿ ಮಳೆಗಳಿಗೆಲ್ಲ ನಕ್ಷತ್ರದ ಹೆಸರುಂಟು.

"ಇದು ಭರಣಿ ಮಳೆ ಕಣೇ. ಬೆಳಿಗ್ಗೆ ಬರಲ್ಲ, ಹೊತ್ತು ಇಳಿದ್ಮೇಲೇ ಬರೋದು."

"ಎಲ್ಲೋ ಇರೋ ನಕ್ಷತ್ರಕ್ಕೆ ಬೋಗಾದಿ ಎಲ್ಲಿದೆ ಅಂತ ಗೊತ್ತಾ ಅಮ್ಮ?"

"ನಿಮ್ಮಪ್ಪನ್ ಫೋನಿಗೆ ಗೊತ್ತಾ?"

ಆಗ ಇದನ್ನು ನಾನು ಬರೀ ಬಾಯಿ ಮುಚ್ಚಿಸುವ ಮಾತು ಎಂದುಕೊಂಡಿದ್ದೆ.

ಮೂರನೆಯ ಕಕ್ಷಿ ನಮ್ಮ ಮೇಸ್ತ್ರಿ. ಮೈಸೂರಿನ ಅರ್ಧ ಮನೆಗಳಿಗೆ ತಾನೇ ಸೂರು ಹಾಕಿದ್ದೆಂದು ಹೇಳಿಕೊಳ್ಳುವ, ಉಳಿದರ್ಧ ಸೋರುತ್ತಿರುವುದು ಬೇರೆಯವರು ಹಾಕಿದ್ದರಿಂದ ಎನ್ನುವ ಮನುಷ್ಯ. ಅವರ ಶಾಸ್ತ್ರವೆಲ್ಲ ಚಾಮುಂಡಿ ಬೆಟ್ಟದಲ್ಲಿತ್ತು. "ಬೆಟ್ಟದ್ ತಲೆ ಕಾಣ್ತಿದ್ರೆ ಮಳೆ ಇಲ್ಲ, ತಲೆ ಮುಚ್ತು ಅಂದ್ರೆ ಬಂತು ಅಂತ್ಲೇ ಲೆಕ್ಕ. ಅಷ್ಟೇಯ ಸಾರ್."

"ಯಾವತ್ತೂ ತಪ್ಪಿಲ್ವಾ?" ಎಂದೆ ನಾನು.

"ತಪ್ಪೈತೆ. ಆವತ್ತು ಬೆಟ್ಟ ಸರಿಯಾಗಿ ಕಾಣಿಸ್ತಿರ್ಲಿಲ್ಲ ಕಣವ್ವ."

ನಾನು ಮೂವರ ವಾದವನ್ನೂ ಕ್ರಮವಾಗಿ ಕೆಡವಿ ಹಾಕಿದೆ. ಫೋನು ದಿನಾ ಒಂದೇ ಮಾತು ಹೇಳುವುದರಿಂದ ಅದು ಭವಿಷ್ಯವಲ್ಲ, ಅಭ್ಯಾಸ. ಭರಣಿಗೆ ಪಂಚಾಂಗದಲ್ಲಿ ಹೆಚ್ಚುಕಡಿಮೆ ಎರಡು ವಾರ ಜಾಗ ಕೊಟ್ಟಿರುವಾಗ ಅದರಲ್ಲಿ ಎಂದೋ ಒಂದು ದಿನ ನಾಲ್ಕು ಹನಿ ಬೀಳುವುದು ಪವಾಡವಲ್ಲ. ಬೆಟ್ಟದ ವಿಷಯದಲ್ಲಿ, ಮಳೆ ಬಂದಾಗ ಬೆಟ್ಟ ಮುಚ್ಚಿತ್ತೆಂದು ಆಮೇಲೆ ನೆನಪಿಸಿಕೊಳ್ಳುವುದು ಪುರಾವೆಯಲ್ಲ. ತೀರ್ಪುಗಾರರಿದ್ದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇದ್ದುದು ಅಮ್ಮ. ಅವರು ಹುರುಳಿಕಾಯಿ ನಾರು ತೆಗೆಯುತ್ತ ಎಲ್ಲವನ್ನೂ ಕೇಳಿದರು.

"ಸರಿ, ಮೂರೂ ಸುಳ್ಳು. ಭಾನುವಾರ ಮೋಲ್ಡಿಂಗ್ ಹಾಕ್ಬೇಕಾ, ಬೇಡ್ವಾ?"

"ಯಾವುದಕ್ಕೂ ಪುರಾವೆ ಸಾಲದು ಅಂತ ನಾನು ಹೇಳ್ತಿರೋದು."

"ಪುರಾವೆ ಕೆಳಗೆ ಸಂಸಾರ ಮಾಡಕ್ಕಾಗಲ್ಲ ಕಣೇ. ಹಾಕ್ಬೇಕಾ, ಬೇಡ್ವಾ?"

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ಮೊದಲೇ ಚೀಟಿ ಎತ್ತಿ ಕೊಟ್ಟಿರುತ್ತಾರೆ. ಅದು ಎಷ್ಟು ದೊಡ್ಡ ಸೌಕರ್ಯ ಎಂದು ನನಗೆ ಅಂದೇ ಗೊತ್ತಾಗಿದ್ದು. ಕೊನೆಗೆ ಅಮ್ಮನೇ ಹಾಕುವುದೆಂದು ತೀರ್ಮಾನಿಸಿದರು. ಬೆಳಕು ಹರಿಯುತ್ತಲೇ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸುವುದು, ಮೋಡ ಎದ್ದರೆ ಟಾರ್ಪಾಲು ಹೊದಿಸುವುದು. ಮಳೆ ಸಂಜೆಗೇ ಎಂಬುದರಲ್ಲಿ ಫೋನಿಗೂ ಭರಣಿಗೂ ಅಷ್ಟರಮಟ್ಟಿಗೆ ಒಮ್ಮತವಿತ್ತು.

ಶನಿವಾರ ಅಪ್ಪ ನೀರಿನ ಟ್ಯಾಂಕರಿನವನಿಗೆ ಫೋನು ಮಾಡಿದರು. ಬಡಾವಣೆಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಕಟ್ಟಡದ ಕೆಲಸಕ್ಕೆ ಟ್ಯಾಂಕರೇ ಗತಿ. "ಬೆಳಿಗ್ಗೆ ಒಂದ್ ಲೋಡ್ ಸಾಕು. ಮಧ್ಯಾಹ್ನದ್ದು ಬೇಡ. ಮಳೆ ಬರುತ್ತೆ, ಮಣ್ಣು ರಸ್ತೆ, ನಿನ್ ಟ್ಯಾಂಕರು ಹೂತ್ಕೊಳ್ಳುತ್ತೆ. ಮಳೆ ಬಂದ್ಮೇಲೆ ನೀರ್ ಯಾಕೆ?" ವಾದವಾಗಿ ನೋಡಿದರೆ ಅದರಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ.

ಇಲ್ಲಿ ಹೊಸ ಮನೆಯ ಎದುರುಮನೆಯ ಆಂಟಿಯ ವಿಷಯ ಹೇಳಬೇಕು. ಆ ಸಾಲಿನಲ್ಲಿ ಮೊದಲು ಮನೆ ಕಟ್ಟಿಸಿ, ಬೋರ್‌ವೆಲ್ ಹಾಕಿಸಿಕೊಂಡವರು ಅವರು. ಮೇಲಿನ ಮನೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಜಲ್ಲಿ ರಾಶಿ ಅವರ ಗೇಟಿನವರೆಗೂ ಹರಡಿದೆ ಎಂದು ಆ ವಾರ ಜಗಳಕ್ಕೆ ಬಂದಿದ್ದರು. ರಸ್ತೆ ಸಾರ್ವಜನಿಕರದ್ದು, ಯಾರ ಗೇಟಿನ ಮುಂದಿನದೂ ಅವರ ಸ್ವಂತದ್ದಲ್ಲ, ಅಲ್ಲಿ ಅವರು ನೆಟ್ಟಿರುವ ದಾಸವಾಳವೂ ಅಷ್ಟೇ ಅತಿಕ್ರಮಣ ಎಂದು ನಾನು ವಿವರವಾಗಿ ತಿಳಿಸಿದ್ದೆ. ಆಂಟಿ ಬಾಗಿಲು ಹಾಕಿಕೊಂಡರು. ಗೆದ್ದೆ ಎಂದು ನಾನು ತಿಳಿದುಕೊಂಡೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಭಾನುವಾರ ಬೂದುಗುಂಬಳ ಒಡೆದು ಪೂಜೆ ಆಯಿತು. ಮಿಕ್ಸರು ಗುಡುಗಲು ಶುರುವಾಯಿತು. ಆಳುಗಳು ಬಾಂಡಲಿಯಿಂದ ಬಾಂಡಲಿಗೆ ಕಾಂಕ್ರೀಟು ದಾಟಿಸುತ್ತಿದ್ದರೆ ಮೇಲೆ ಮೇಸ್ತ್ರಿ ದೊಡ್ಡ ದಂಡನಾಯಕನ ಹಾಗೆ ಕೂಗಾಡುತ್ತಿದ್ದರು. ಬಿಸಿಲು ಏರುತ್ತ ಏರುತ್ತ ಕಬ್ಬಿಣದ ಏಣಿ ಮುಟ್ಟುವಂತಿರಲಿಲ್ಲ. ನನ್ನ ಚಪ್ಪಲಿಯ ಅಟ್ಟೆ ಮೆತ್ತಗಾಗಿ ಹಿಟ್ಟಿನ ಹಾಗೆ ಒತ್ತಿಕೊಳ್ಳುತ್ತಿತ್ತು. ಮುನ್ಸೂಚನೆಯ ಮೊದಲ ಅರ್ಧ, ಸುಡುಬಿಸಿಲು ಎಂಬ ಮಾತು, ಅಕ್ಷರಶಃ ನಿಜವಾಗುತ್ತಿತ್ತು. ಅದರ ಬಗ್ಗೆ ನಾವ್ಯಾರೂ ಒಂದು ವಾರದಿಂದ ಒಂದು ಮಾತೂ ಆಡಿರಲಿಲ್ಲ. ಎಲ್ಲರ ಕಣ್ಣೂ ಎರಡನೆಯ ಅರ್ಧದ ಮೇಲಿತ್ತು.

ಕೆಲಸ ಮುಗಿಯಿತು. ಮೋಲ್ಡಿಂಗ್ ದಿನ ಕೆಲಸದವರಿಗೆ ಬಾಡೂಟ ಹಾಕುವುದು ವಾಡಿಕೆ. ಎಲೆ ಹಾಕಿ, ಮುದ್ದೆ ಬಡಿಸಿ, ಇನ್ನೇನು ಸಾರು ಬರಬೇಕು, ಮೇಸ್ತ್ರಿ ಮೇಲೆದ್ದರು.

"ಬೆಟ್ಟದ್ ತಲೆ ಮುಚ್ತು! ಏಳ್ರಲೇ! ಟಾರ್ಪಾಲು!"

ನಿಜವಾಗಿಯೂ ಬೆಟ್ಟ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪಗೊಂದು ಗೋಡೆ ನಿಂತಿತ್ತು. ಅದರ ಹೊಟ್ಟೆಯೊಳಗೆ ಮಿಂಚು ಹರಿದಾಡುತ್ತಿತ್ತು. ಎಲೆ ಬಿಟ್ಟು ಎಲ್ಲರೂ ಓಡಿದರು. ಟಾರ್ಪಾಲು ಹೊದಿಸುವಷ್ಟರಲ್ಲಿ ಗಾಳಿ ಬಂತು. ಅದು ಮಳೆಗಾಳಿಯಲ್ಲ, ಒಲೆ ಬಾಯಿ ತೆಗೆದ ಹಾಗೆ ಒಣಗಾಳಿ. ಬಡಾವಣೆಯ ಮಣ್ಣನ್ನೆಲ್ಲ ಎತ್ತಿ ನಮ್ಮ ಮುದ್ದೆಯ ಮೇಲೆ ಹಾಕಿತು. ಟಾರ್ಪಾಲುಗಳು ಮೂಲೆ ಬಿಚ್ಚಿಕೊಂಡು ಆಂಟಿಯ ದಾಸವಾಳದ ಮೇಲೆ ಹೋಗಿ ಬಿದ್ದವು. ಗುಡುಗು ಒಂದಾದ ಮೇಲೊಂದು ಬಂತು. ಹನಿ ಬರಲಿಲ್ಲ. ನೋಡುನೋಡುತ್ತ ಮೋಡ ಬೆಟ್ಟದ ಕಡೆಗೇ ಜಾರಿತು. ಬಿಸಿಲು ಮತ್ತೆ ಬಂದು ಕೂತಿತು.

ಆಗಲೇ ಅಪ್ಪನ ಫೋನು ಬಡಿದುಕೊಂಡಿತು. ಸಿದ್ಧಾರ್ಥನಗರದಿಂದ ಮನೆ ಓನರ್. ಅಲ್ಲಿ ಆಕಾಶವೇ ಕಿತ್ತುಕೊಂಡು ಬಿದ್ದಂಥ ಮಳೆ, ನಿಮ್ಮ ಬಟ್ಟೆಯೆಲ್ಲ ಮೇಲೆ ನೆನೀತಿದೆ, ಹಾಸಿಗೆ ಬೇರೆ ಒಣಹಾಕಿದ್ದೀರಿ ಎಂದರು. ಅಪ್ಪನ ಮುಖ ಅರಳಿತು.

"ನೋಡಿದ್ಯಾ! ಬಂತು!"

"ಎಲ್ಲಿ ಬಂತು ಅಪ್ಪ? ಕೊಡಿ ಇಲ್ಲಿ ಫೋನು."

ತೆಗೆದು ನೋಡಿದೆ. ಆ್ಯಪಿನ ತಲೆಯ ಮೇಲೆ ಪುಟ್ಟ ಅಕ್ಷರಗಳಲ್ಲಿತ್ತು: ಮನೆ, ಸಿದ್ಧಾರ್ಥನಗರ. ಊರಿನ ಪೂರ್ವ ತುದಿಯಲ್ಲಿರುವ, ನಾವು ಬಿಡಲಿರುವ ಮನೆಯ ಮಳೆಯನ್ನು ಅಷ್ಟೂ ದಿನ ಓದಿಕೊಂಡು ಪಶ್ಚಿಮ ತುದಿಯಲ್ಲಿ ತಾರಸಿ ಹಾಕಿದ್ದೆವು. ಮುನ್ಸೂಚನೆ ಗೆದ್ದಿತ್ತು. ವಿಳಾಸ ನಮ್ಮದು ತಪ್ಪಿತ್ತು.

ಈ ಬಗ್ಗೆ ನಾನೊಂದು ಸಣ್ಣ ಭಾಷಣ ಶುರು ಮಾಡಿದ್ದೆ. ಅಷ್ಟರಲ್ಲಿ ಮೇಲಿನಿಂದ ಮೇಸ್ತ್ರಿಯ ಧ್ವನಿ ಬಂತು. ಕೂಗಾಟವಿಲ್ಲದ, ಸಣ್ಣ ಧ್ವನಿ. ಅದೇ ಹೆದರಿಸಿತು.

"ಸಾರ್, ಬಿಸ್ಲುಗೂ ಗಾಳಿಗೂ ಒಣಗೋಯ್ತಾ ಐತೆ. ಇಲ್ನೋಡಿ, ಕೂದ್ಲೆಳೆ ತರ ಬಿರುಕು. ಈಗ್ಲೇ ನೀರು ಸಿಂಪಡ್ಸಿ ತಿಕ್ಕಿದ್ರೆ ಕೂಡ್ಕೊಳುತ್ತೆ. ಬುಟ್ರೆ ಆಮೇಲೆ ನನ್ ಕೈಲಾಗಲ್ಲ. ನೀರು ತನ್ನಿ!"

ಡ್ರಮ್ಮುಗಳು ಖಾಲಿ. ಇದ್ದ ನೀರೆಲ್ಲ ಕಾಂಕ್ರೀಟಿಗೇ ಹೋಗಿತ್ತು. ಅಪ್ಪ ಟ್ಯಾಂಕರಿನವನಿಗೆ ಫೋನು ಮಾಡಿದರು. "ನೀವೇ ಬೇಡ ಅಂದ್ರಲ್ಲ ಸಾರ್, ನಾನೀಗ ಛತ್ರದ್ ಮದ್ವೇಗೆ ನೀರ್ ಹೊಡೀತಾ ಇವ್ನಿ" ಎಂದ ಅವನು. ಬಾಡೂಟಕ್ಕೆ ತಂದಿದ್ದ ಕುಡಿಯುವ ನೀರಿನ ಕ್ಯಾನನ್ನು ಆಳೊಬ್ಬ ಮೇಲಕ್ಕೆ ಹೊತ್ತ. ಅದು ಒಂದು ಮೂಲೆಗೂ ಸಾಲಲಿಲ್ಲ. ಅಮ್ಮ ಅರ್ಧ ಕಟ್ಟಿದ ಮೆಟ್ಟಿಲು ಹತ್ತಿ ಹೋಗಿ ತುದಿಯಲ್ಲಿ ನಿಂತು ಆ ಬಿರುಕನ್ನೇ ನೋಡತೊಡಗಿದರು.

ನಾನು ರಸ್ತೆ ದಾಟಿದೆ. ಆಂಟಿ ಗೇಟಿನ ಒಳಗೇ, ದಾಸವಾಳದ ಮೇಲಿಂದ ನಮ್ಮ ಟಾರ್ಪಾಲು ಎಳೆದು ಹಾಕುತ್ತಿದ್ದರು.

"ಏನ್ ಲಾಯರಮ್ಮ, ಈ ಬಿಸಿಲಲ್ಲಿ?"

"ಆಂಟಿ, ಸ್ವಲ್ಪ ನೀರು ಬೇಕಿತ್ತು."

"ಕುಡಿಯಕ್ಕಾ?"

"ಅಲ್ಲ, ತಾರಸಿಗೆ. ಬಿರುಕು ಬಿಡ್ತಾ ಇದೆ."

"ಹೌದಾ. ಅವತ್ತು ರಸ್ತೆ ಯಾರ್ದು ಅಂದಿದ್ದೆ?"

"ಸಾರ್ವಜನಿಕರದ್ದು."

"ಈ ಬೋರ್‌ವೆಲ್ ಯಾರ್ದು?"

"ನಿಮ್ಮದು."

"ಅದ್ರೊಳಗಿರೋ ನೀರು?"

ಅಂತರ್ಜಲ ಯಾವೊಬ್ಬರ ಸ್ವತ್ತೂ ಅಲ್ಲ ಎಂಬ ಅತ್ಯುತ್ತಮವಾದ ವಾದವೊಂದು ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ತಿರುಗಿ ನೋಡಿದೆ. ಅಮ್ಮ ಇನ್ನೂ ಮೆಟ್ಟಿಲ ತುದಿಯಲ್ಲೇ ಇದ್ದರು. ಬಿಸಿಲಿಗೆ ತಲೆಯ ಮೇಲೆ ಸೆರಗನ್ನೂ ಹೊದ್ದುಕೊಂಡಿರಲಿಲ್ಲ.

"ನಿಮ್ದೇ ಆಂಟಿ," ಎಂದೆ.

"ಜಲ್ಲಿ ಯಾವಾಗ ತೆಗೀತೀರ?"

"ನಾಳೆ."

"ನಾಳೆ ಬೆಳಿಗ್ಗೆ. ಹಿಡ್ಕೋ ಪೈಪು. ಮಕ್ಳಾ, ಮೋಟ್ರು ಹಾಕ್ರೋ!" ಎಂದು ಮೇಲಿನ ಮನೆಯ ಹುಡುಗರಿಗೆ ಕೂಗಿದರು.

ಪೈಪು ರಸ್ತೆ ದಾಟಿ, ಏಣಿ ಹತ್ತಿ ಮೇಲೆ ಬಂತು. "ಧಾರೆ ಬುಡ್ಬೇಡ ಕಣವ್ವ, ಮಳೆ ಹನಿ ತರ ಬೀಳ್ಬೇಕು, ತುಂತುರು!" ಎಂದರು ಮೇಸ್ತ್ರಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನಾನು ಬೋಗಾದಿಯ ಮಳೆಯಾದೆ. ಎಲ್ಲಿ ಹನಿ ಬೀಳುತ್ತಿತ್ತೋ ಅಲ್ಲಿ ಮೇಸ್ತ್ರಿ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕರಣೆಯಿಂದ ತಿಕ್ಕುತ್ತ ಬಂದರು. ಅಮ್ಮ ಒಂದೊಂದು ಎಳೆಯನ್ನೂ ಬೆರಳು ಮಾಡಿ ತೋರಿಸಿದರು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲಿಯೂ ಎಳೆ ಕಾಣಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿ ಎಲ್ಲರೂ ಕೆಳಗಿಳಿದು, ಮಣ್ಣು ಕೊಡವಿ ಮುದ್ದೆ ಉಂಡರು.

"ಇನ್ನೇನೂ ಆಗಲ್ಲ ಅಮ್ಮಾವ್ರೇ," ಎಂದರು ಮೇಸ್ತ್ರಿ.

"ಅದು ನಿಮಗೆ ಹೇಗೆ ಗೊತ್ತು?" ಎಂದೆ ನಾನು.

"ಸುಮ್ನೆ ಉಣ್ಣೇ," ಎಂದರು ಅಮ್ಮ.

ಮರುದಿನ ಜಲ್ಲಿ ತೆಗೆಸಿದೆವು. ಕಾಂಕ್ರೀಟು ಗಟ್ಟಿಯಾಗುವವರೆಗೂ ಒದ್ದೆಯಾಗಿರಲೆಂದು ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಅಲ್ಲಿಂದಾಚೆ ಮಳೆ ಬೇಡ ಬೇಡ ಎಂದು ಮೊರೆಯಿಡುತ್ತಿದ್ದ ಮನೆಯವರೇ ಮಳೆ ಯಾಕೆ ಬರಲಿಲ್ಲ ಎಂದು ಆಕಾಶವನ್ನು ಬೈಯತೊಡಗಿದರು. ಭರಣಿ ಹೊರಟುಹೋಯಿತು, ಅದರ ಹಿಂದೆಯೇ ಬಂದ ಕೃತ್ತಿಕೆ ಮಳೆಯ ಮೇಲೂ ಅಮ್ಮನಿಗೆ ಅಷ್ಟೇ ವಿಶ್ವಾಸ.

ಸೆಂಟ್ರಿಂಗ್ ಬಿಚ್ಚಿ, ಗಾರೆ ಕೆಲಸವೆಲ್ಲ ಆಗಿ, ಬಣ್ಣ ಇನ್ನೂ ಬಾಕಿ ಇರುವಾಗಲೇ ಆಷಾಢಕ್ಕೆ ಮುಂಚೆ ಹಾಲುಕ್ಕಿಸಿದೆವು. ದೊಡ್ಡಮ್ಮ ಬಂದರು. ಮೇಸ್ತ್ರಿ ಬಂದರು. ಆಂಟಿ ದಾಸವಾಳ ತಂದರು. ಅಪ್ಪ ಫೋನು ತೆಗೆದು ಓದಿದರು: ಸಂಜೆ ಗುಡುಗುಸಹಿತ ಮಳೆಯಾಗುವ ಸಾಧ್ಯತೆ.

"ಯಾವ ಮನೆಗೆ?" ಎಂದೆ.

"ಈ ಮನೆಗೇ ಕಣಮ್ಮ. ನಿಮ್ಮಮ್ಮನೇ ನಿಂತ್ಕೊಂಡು ವಿಳಾಸ ಬದಲಾಯಿಸಿದ್ಲು."

ಸಂಜೆ ಮಳೆ ಬಂತು. ಸಾಲದು ಎಂಬಂತೆ ಆಲಿಕಲ್ಲೂ ಬಿತ್ತು. ನಡುಮನೆಯಲ್ಲಿ ಪಾಯಸ ಹಿಡಿದುಕೊಂಡಿದ್ದ ಅಷ್ಟೂ ಜನ ತಲೆ ಎತ್ತಿ ಸೂರು ನೋಡಿದರು. ತುಂಬಾ ಹೊತ್ತು ನೋಡಿದರು. ಎಲ್ಲಿಯೂ ಒಂದು ಹನಿ ಇಳಿಯಲಿಲ್ಲ. ಮೇಸ್ತ್ರಿ ಎರಡನೆಯ ಸಲ ಪಾಯಸ ಹಾಕಿಸಿಕೊಂಡರು.

"ಒಂದು ಮಳೆಯಿಂದ ಏನೂ ಸಾಬೀತಾಗಲ್ಲ," ಎಂದೆ ನಾನು.

"ಹಂಗಾದ್ರೆ ಇನ್ನೊಂದ್ ಮಳೆ ಬರೋವರ್ಗೂ ನೋಡ್ತಾ ಕೂತಿರು," ಎಂದರು ಅಮ್ಮ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು. "ಆ ಸುತ್ತಿಗೆ ಇತ್ತ ಕೊಡು."