ಜೇನಿನ ಶಾಂಪೂ, ಸಾಂಗಲಿಯ ಆಯಿ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಅಂಗಳಕ್ಕೆ ನೀರು ಹೊಡೆದೆ. ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಮುಧೋಳದ ಪಾರ್ಲರಿನವಳಿಗೆ ಬಾಡಿ ಲೋಷನ್ ಅಳೆದು ತುಂಬಿದೆ. ವಾಪಸು ಬಂದ ಖಾಲಿ ಕ್ಯಾನುಗಳನ್ನು ತೊಳೆದು ಮಾಳಿಗೆಯ ಮೇಲೆ ಬೋರಲು ಹಾಕಿದೆ. ಮಧ್ಯಾಹ್ನ ಉಂಡಾದ ಮೇಲೆ ತುಂಬಿದ ಕ್ಯಾನುಗಳ ಧೂಳು ಒರೆಸುತ್ತಾ ಕೂತೆ.

ಒಂದು ಕ್ಯಾನಿನ ಸ್ಟಿಕ್ಕರಿನ ಮೇಲೆ ಜೇನುಹುಳ ನಗುತ್ತಿತ್ತು.

ಒರೆಸುವ ಬಟ್ಟೆ ಕೆಳಗಿಟ್ಟು ಉಳಿದ ಶಾಂಪೂ ಕ್ಯಾನುಗಳನ್ನೂ ತಿರುಗಿಸಿ ನೋಡಿದೆ, ಎಲ್ಲದರ ಮೇಲೂ ಅದೇ ಹುಳ.

ಯಾಕೆ ಅಂತೀರಾ? ನಾವು ಜಮಖಂಡಿಯಲ್ಲಿದ್ದುಕೊಂಡು ಸುತ್ತಲಿನ ಹೋಟೆಲು, ಲಾಡ್ಜುಗಳಿಗೆ ಶಾಂಪೂ, ಹ್ಯಾಂಡ್‌ವಾಶ್, ಲೋಷನ್ನುಗಳನ್ನು ಐದು ಲೀಟರಿನ ಕ್ಯಾನುಗಳಲ್ಲಿ ಸಪ್ಲೈ ಮಾಡುವವರು. (ಈಚೆಗೆ ಬೋರ್ಡಿನ ಮೇಲೆ ‘ಸ್ಪಾ’ ಎಂದು ಸೇರಿಸಿಕೊಂಡ ಎರಡು ಪಾರ್ಲರುಗಳೂ ನಮ್ಮ ಗಿರಾಕಿಗಳೇ. ಒಳಗೆ ಮಾತ್ರ ಹಳೇ ಕುರ್ಚಿ.) ಹುಬ್ಬಳ್ಳಿಯ ಡೀಲರ್ ಕಳಿಸುತ್ತಾನೆ, ನಾವು ಮುಟ್ಟಿಸುತ್ತೇವೆ, ಲಾಡ್ಜಿನವರು ಬಚ್ಚಲ ಗೋಡೆಯ ಡಬ್ಬಿಗೆ ಸುರಿಯುತ್ತಾರೆ. ಹಚ್ಚಿಕೊಳ್ಳುವವರಿಗೆ ಕ್ಯಾನೂ ಕಾಣುವುದಿಲ್ಲ, ಅದರ ಮೇಲಿನ ಸ್ಟಿಕ್ಕರೂ ಕಾಣುವುದಿಲ್ಲ.

ಬನಹಟ್ಟಿಯ ಸುನಂದಕ್ಕನ ಲಾಡ್ಜಿಗೂ ನಮ್ಮದೇ ಮಾಲು. ಜೈನರ ಮನೆತನ. ಮೊದಲ ಆರ್ಡರಿನ ದಿನವೇ ಹೇಳಿದ್ದರು: “ನೋಡವಾ, ನಮ್ಮ ಕಡೆ ವ್ರತದ ಮಂದಿ ಇಳೀತಾರು. ಜೇನ ನಡ್ಯಂಗಿಲ್ಲ. ಒಂದ ಚಮಚಾ ಜೇನಿಗೆ ಎಷ್ಟ ಜೀವ ಹೋಗತಾವು ಗೊತ್ತೈತೇನು? ಬಾಯಿಗಷ್ಟ ಅಲ್ಲ, ಮೈಗೂ ಬ್ಯಾಡ.” ಅಂದಿನಿಂದ ಅವರಿಗೆ ಬೇವು-ನಿಂಬೆಯ ಶಾಂಪೂ ಒಂದೇ.

ಈ ಸಲ ಬೇವು-ನಿಂಬೆ ಸ್ಟಾಕ್ ಇರಲಿಲ್ಲವೇನೋ. ಡೀಲರ್ ಒಂದು ಮಾತೂ ಹೇಳದೆ ಜೇನಿನದನ್ನು ಕಳಿಸಿದ್ದ. ಅದೇ ಬಿಳಿ ಕ್ಯಾನು, ಅದೇ ನೀಲಿ ಮುಚ್ಚಳ. ಬಂದಾಗ ನಾನೂ ತಿರುಗಿಸಿ ನೋಡಿರಲಿಲ್ಲ. ನಮ್ಮನೆಯವರು ಹಿಂದಿನ ದಿನವೇ ಬನಹಟ್ಟಿಗೆ ಒಯ್ದು ಕೊಟ್ಟು ಬಂದಿದ್ದರು. ಇವತ್ತು ಸುನಂದಕ್ಕನ ಮಗಳ ಮದುವೆಗೆ ಸಾಂಗಲಿಯಿಂದ ಬೀಗರು ಬಂದು ಅದೇ ಲಾಡ್ಜಿನಲ್ಲಿ ಇಳಿಯುವ ದಿನ!

ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ?

“ಏಳ್ರಿ, ಬನಹಟ್ಟಿಗೆ ಹೋಗೂಣು,” ಅಂದೆ.

ಇವರು ಆಗಷ್ಟೇ ಅಡ್ಡಾಗಿದ್ದರು. “ಅದೇನ ಕುಡಿಯೂದಾ? ತಲಿಗೆ ಹಚ್ಚಿ ತೊಳಕೊಳ್ಳೂದು. ಜೇನ ಇದ್ರೂ ಮೋರಿಗೆ ಹೋಗತೈತಿ.”

“ಅದನ್ನ ಹೇಳಾಕ ನಾವ್ಯಾರ್ರೀ?”

ಗೊಣಗುತ್ತಲೇ ಬೈಕಿಗೆ ಕಿಕ್ ಹೊಡೆದರು.

ಕಬ್ಬಿನ ಸೀಜನ್. ರಸ್ತೆ ತುಂಬ ಡಬಲ್ ಟ್ರೇಲರಿನ ಟ್ರ್ಯಾಕ್ಟರು. ಮುಂದಿನದು ದಾರಿ ಬಿಡದು, ಎದುರಿನದು ನಿಲ್ಲದು. ಬೈಕು ಆಮೆಯಾಗಿತ್ತು. ಹಿಂದೆ ಕೂತ ನಾನು ಹುಬ್ಬಳ್ಳಿಯ ಡೀಲರ್‌ಗೆ ಫೋನ್ ಹಚ್ಚಿದೆ. ಒಳಗೆ ಏನೇನು ಹಾಕಿದ್ದಾರೆಂದು ಕ್ಯಾನಿನ ಮೇಲೆ ಬರೆದೇ ಇರಲಿಲ್ಲ. ಅವನನ್ನೇ ಕೇಳಬೇಕಿತ್ತು.

“ಆ ಶಾಂಪೂದಾಗ ಜೇನ ಐತೇನ್ರೀ?”

“ಏಕದಂ ಪ್ಯೂರ್ ಜೇನ ಮೇಡಂ! ಡೌಟೇ ಬ್ಯಾಡ. ಯಾಕ, ಯಾರರೆ ಕಂಪ್ಲೇಂಟ್ ಮಾಡಿದ್ರೇನು?”

“ಅಯ್ಯ, ಹಂಗಲ್ರೀ. ಜೇನ ಇರಬಾರ್ದಾಗಿತ್ತು. ಅದು ಜೈನರ ಲಾಡ್ಜಿಗೆ ಹೋಗೇತಿ.”

“ಹಂಗಾರ ಇಲ್ಲ ಬಿಡ್ರಿ ಮೇಡಂ. ಈ ರೇಟಿಗೆ ಜೇನ ಯಾರ ಹಾಕ್ತಾರ? ಬರೇ ವಾಸನಿ.”

“ಎರಡ್ರಾಗ ಯಾವ್ದ ಖರೆ?”

“ನಿಮಗ ಯಾವ್ದ ಅನುಕೂಲ, ಅದ ಖರೆ.”

ದೇವರೇ, ಇವನು ಗಿರಾಕಿಗಳಿಗೆ ಮೋಸ ಮಾಡುವವನೇ ಆಗಿರಲಿ ಎಂದು ಬೇಡಿಕೊಂಡೆ. ಇಂಥ ಬೇಡಿಕೆ ಯಾವ ದೇವರೂ ಕೇಳಿರಲಿಕ್ಕಿಲ್ಲ. ಆದರೆ ಅವನು ಮೋಸ ಮಾಡಿದ್ದು ಯಾವ ಮಾತಿನಲ್ಲಿ? ಮೊದಲಿನದರಲ್ಲೋ, ಆಮೇಲಿನದರಲ್ಲೋ?

ಅವನಂದದ್ದನ್ನು ಹೇಳಿದರೆ ಇವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಗಾಡಿ ಓಡಿಸುತ್ತಲೇ ಕೂಗಿದರು: “ಇಲ್ಲ ಅಂದಾನಲ್ಲ, ಮುಗೀತು! ನೀನೂ ಇಲ್ಲ ಅಂದಬಿಡು.”

ಲಾಡ್ಜಿನ ಮುಂದೆ ಹಂದರ ಹಾಕಿದ್ದರು. ಸುನಂದಕ್ಕ ಹೂವಿನ ಪುಟ್ಟಿ ಹಿಡಿದು ಓಡಾಡುತ್ತಿದ್ದರು. “ಬಾರವಾ, ನಾಳೆ ಬರ್ತಿ ಅಂದ್ರ ಇವತ್ತ ಬಂದಿ! ಉಂಡ ಹೋಗ್ರಿ. ಹೊತ್ತ ಮುಳಗೂದ್ರಾಗ ಪಂಗ್ತಿ ಮುಗೀಬೇಕು.”

“ಅಕ್ಕಾ, ಬೀಗರ ಜಳಕ ಆತೇನ್ರಿ?”

“ಆಗಲೇ ಆತು. ಆಯಿ ಮಾಳಿಗಿ ಮ್ಯಾಲೆ ತಲಿ ಒಣಗಿಸಾಕತ್ತಾರು. ಯಾಕ?”

ಆಯಿ ಎಂದರೆ ವರನ ಅಜ್ಜಿ. ವ್ರತ ಹಿಡಿದವರು. ನಾಳೆಯಿಂದ ಸುನಂದಕ್ಕನ ಮಗಳು ಬಾಳಬೇಕಾದ ಮನೆಗೆ ಹಿರಿಯರು.

ಹೇಳಿದೆ. ಸುನಂದಕ್ಕನ ಮುಖ ನೋಡಲಾಗಲಿಲ್ಲ. ಹೂವಿನ ಪುಟ್ಟಿ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದರು. ನಾವಿಬ್ಬರೂ ಹಿಂದೆ ಹೋದೆವು.

ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ಬಿಳಿ ಕೂದಲು ಹರವಿಕೊಂಡು ಆಯಿ ಕೂತಿದ್ದರು. ಮೊಮ್ಮಕ್ಕಳು ಕಾಡಿಸುತ್ತಿದ್ದರು: “ಆಯಿ, ಏನ ಘಮಘಮ ಅನ್ನಾಕತ್ತಿ! ನಾಳೆ ನಿನ್ನ ಮದುವೀನೂ ಮಾಡೂಣೇನು?”

“ಸುಮ್ನಿರ್ರಲೇ, ನಿಮ್ಮ ಮುತ್ಯಾ ಕೇಳಿಸಿಕೊಂಡ್ರ ಮ್ಯಾಲಿಂದ ಇಳದ ಬಂದಾನು,” ಎಂದು ಆಯಿ ನಗುತ್ತಿದ್ದರು.

ಆ ನಗುವನ್ನು ನಾನು ಕೆಡಿಸಿದೆ. ನಿಂತಲ್ಲೇ, ನಡೆದದ್ದನ್ನು ಹೇಳಿದೆ.

ಆಯಿ ಕೂದಲ ಎಳೆಯೊಂದನ್ನು ಮೂಗಿಗೆ ಹಿಡಿದು ನೋಡಿದರು. “ಇದರಾಗ ಜೇನ ಐತೋ, ಇಲ್ಲೋ?”

‘ಇಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಿಂದೆ ನಿಂತ ಇವರು ಬೇಕಂತಲೇ ಕೆಮ್ಮಿದರು.

“ಗೊತ್ತಿಲ್ರೀ ಆಯಿ,” ಅಂದೆ.

“ಮಾರೂಕಿ ನಿನಗ ಗೊತ್ತಿಲ್ಲೇನು?”

ಇಷ್ಟು ವರ್ಷ ಇದನ್ನೇ ಮಾರಿದ್ದೇನೆ. ಬಣ್ಣ ಕೇಳಿ, ಹೇಳುತ್ತೇನೆ. ವಾಸನೆ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಒಳಗೇನಿದೆ ಎಂದರೆ? (ನಿಮ್ಮ ಬಚ್ಚಲಿನ ಬಾಟಲಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತೇ? ಕೊಟ್ಟ ಅಂಗಡಿಯವನಿಗಾದರೂ ಗೊತ್ತೇ?)

ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಬರೀ ನೀರಿನಲ್ಲಿ ಮತ್ತೆ ತಲೆ ಎರೆದುಕೊಂಡರು. ಒದ್ದೆ ಕೂದಲಲ್ಲೇ ರೂಮಿನ ಮೂಲೆಯಲ್ಲಿ ಜಪಕ್ಕೆ ಕೂತರು. ನಾವಿಬ್ಬರೂ ರೂಮಿನಿಂದ ರೂಮಿಗೆ ಹೋಗಿ ಗೋಡೆಯ ಡಬ್ಬಿಗಳನ್ನು ಖಾಲಿ ಮಾಡಿ ತೊಳೆದೆವು. ಕೆಳಗೆ ಪಂಗ್ತಿ ನಡೆದಿತ್ತು. ಸುನಂದಕ್ಕ ಆಯಿಯನ್ನು ಊಟಕ್ಕೆ ಕರೆಯಲು ಬಂದರು, ಬಾಗಿಲಲ್ಲೇ ನಿಂತು ಹೋದರು. ಮತ್ತೆ ಬಂದರು, ಜಪ ಮುಗಿದಿರಲಿಲ್ಲ. ಕಿಟಕಿಯ ಮೇಲಿನ ಬಿಸಿಲು ಕೆಂಪಾಯಿತು, ಆಮೇಲೆ ಇಲ್ಲವಾಯಿತು.

ಹೊತ್ತು ಮುಳುಗಿದ ಮೇಲೆ ಆಯಿ ನೀರು ಕೂಡ ಮುಟ್ಟುವುದಿಲ್ಲ. ಇನ್ನು ಬೆಳಗಾಗಬೇಕು.

ಸುನಂದಕ್ಕ ಗೇಟಿನವರೆಗೆ ಬಂದರು. “ನೀ ಬಂದ ಹೇಳಿದ್ದು ಚಲೋ ಆತು ಅನ್ನಬೇಕೋ, ಹೇಳಬಾರ್ದಾಗಿತ್ತು ಅನ್ನಬೇಕೋ, ತಿಳಿವಲ್ತವಾ,” ಎಂದರು. ಮುಂದಿನ ಆರ್ಡರಿನ ಮಾತು ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದು ಕಡಲೆಹಿಟ್ಟಿನ ಝುಣಕ ತಿರುವಿದೆ. ಸಜ್ಜೆ ರೊಟ್ಟಿ ಇತ್ತು, ಮೊಸರಿತ್ತು. ಇವರು ಕೇಳಿ ಹಾಕಿಸಿಕೊಂಡು ಉಂಡರು. ನಾನೂ ಉಂಡೆ. ಸುಳ್ಳೇಕೆ, ಹಸಿವಾಗಿತ್ತು.

“ನೀ ಇಲ್ಲ ಅಂದಿದ್ರ ಆ ಮುದುಕಿ ಉಂಡ ಮಲಗ್ತಿತ್ತು,” ಎಂದು ಇವರು ಮಗ್ಗಲು ಬದಲಿಸಿದರು. ಮೊದಲು ನಿದ್ದೆ ಹೋದವರೂ ಇವರೇ.

ಹೇಳಿ, ನಾನು ಏನು ಹೇಳಬೇಕಿತ್ತು?